ಸೀಮಾ ತಂದೆ ಮಹಬೂಬಸಾಬ

ಹೋದ ವರ್ಷ ತೊಗರಿ ರಾಶಿಯ ಹೊತ್ತು. ನನ್ನ ಮಗಳು ಸೀಮಾ ಅರೆಸೇನಾ ಪಡೆಯ ತರಬೇತಿ ಮುಗಿಸಿ ಮೊದಲ ಸಲ ರಜೆಯ ಮೇಲೆ ಜೇವರ್ಗಿಗೆ ಬಂದಿದ್ದಳು. ಬಸ್ಸಿನಿಂದ ಇಳಿದವಳನ್ನು ನಾನು ಗುರುತೇ ಹಿಡಿಯಲಿಲ್ಲ. ಸೊಂಟದವರೆಗೆ ಇದ್ದ ಜಡೆ ಹೋಗಿ ಕೂದಲು ಕಿವಿಯ ಮೇಲಕ್ಕೆ ಬಂದಿತ್ತು. ಬಿಸಿಲಿಗೆ ಮುಖ ಸುಟ್ಟು ಕಪ್ಪಾಗಿತ್ತು. "ಏನವ್ವಾ, ಹಂಗ್ಯಾಕ ನೋಡಾಕತ್ತಿ?" ಎಂದು ಅವಳು ನಕ್ಕಾಗಲೇ ನನ್ನ ಮಗಳು ಎಂದು ಗೊತ್ತಾದದ್ದು.

ಮುಂದಿನದನ್ನು ಹೇಳುವ ಮೊದಲು ನಮ್ಮ ಮನೆಯ ಬಗ್ಗೆ ಹೇಳಬೇಕು. ನಾನು ಮಹಾದೇವಿ, ಅಫಜಲಪುರ ತಾಲ್ಲೂಕಿನ ಅತನೂರಿನವಳು, ಲಿಂಗಾಯತರ ಮನೆಯ ಹೆಣ್ಣುಮಗಳು. ನನ್ನ ಗಂಡ ಮಹಬೂಬಸಾಬ ಆಳಂದದವರು. ನೀರೆತ್ತುವ ಮೋಟರ್ ರಿಪೇರಿ ಅವರ ಕೆಲಸ. ನಮ್ಮ ಹೊಲದ ಬಾವಿಯ ಮೋಟರ್ ಸುಟ್ಟಾಗ ರಿಪೇರಿಗೆಂದು ಬಂದವರು. ಆಮೇಲಿನದನ್ನು ನೀವೇ ಊಹಿಸಿಕೊಳ್ಳಿ. ನಾವು ರಿಜಿಸ್ಟರ್ ಮದುವೆಯಾದೆವು. ಕೊರಳಲ್ಲಿನ ಲಿಂಗ ತೆಗೆ ಎಂದು ಅವರು ನನಗೆ ಹೇಳಲಿಲ್ಲ, ನಮಾಜು ಬಿಡಿ ಎಂದು ನಾನು ಅವರಿಗೆ ಹೇಳಲಿಲ್ಲ. ಎರಡೂ ಮನೆಯವರು ನಮ್ಮನ್ನು ಬಿಟ್ಟುಬಿಟ್ಟರು. ಅದಕ್ಕೇ ಆಳಂದವೂ ಬೇಡ, ಅತನೂರೂ ಬೇಡ ಎಂದು ಜೇವರ್ಗಿಗೆ ಬಂದು ಅಂಗಡಿ ಹಾಕಿದೆವು. ಇಪ್ಪತ್ತು ವರ್ಷದ ಮೇಲಾಯಿತು.

ಮಗಳಿಗೆ ಹೆಸರಿಡುವಾಗ ಇಬ್ಬರೂ ಬಹಳ ಯೋಚನೆ ಮಾಡಿ ಸೀಮಾ ಎಂದು ಇಟ್ಟೆವು. ಎರಡೂ ಕಡೆಯವರ ಬಾಯಲ್ಲಿ ಸಲೀಸಾಗಿ ಹೊರಳುವ ಹೆಸರು. ಆದರೆ ಕರೆಯಲು ಯಾರೂ ಬರಲಿಲ್ಲ. ಶಾಲೆಯಲ್ಲಿ ಅವಳ ಹೆಸರು "ಸೀಮಾ ತಂದೆ ಮಹಬೂಬಸಾಬ" ಎಂದಾಯಿತು. ನಮ್ಮ ಭಾಗದಲ್ಲಿ ಶಾಲೆಯ ದಾಖಲೆಯಿಂದ ಹೊಲದ ಪಹಣಿಯವರೆಗೆ ಹೆಸರು ಬರೆಯುವ ರೀತಿಯೇ ಹಾಗೆ, ಇಂಥವರು ತಂದೆ ಇಂಥವರು ಎಂದು.

ಕ್ರಿಕೆಟ್ಟಿನಲ್ಲಿ ಭಾರತ ಗೆದ್ದಾಗಲೆಲ್ಲ ಓಣಿಯ ಕೆಲವು ಹುಡುಗರು ಇಡೀ ರಸ್ತೆ ಬಿಟ್ಟು ನಮ್ಮ ಅಂಗಡಿಯ ಮುಂದೆಯೇ ಪಟಾಕಿ ಹಚ್ಚುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಗಂಡನಿಗೆ ಮಾತ್ರ ಕ್ರಿಕೆಟ್ಟಿನ ಹುಚ್ಚು. ಹೊರಗೆ ಹೋಗಿ, "ಲೇ, ನನಗೂ ಒಂದು ಕೊಡ್ರಲೇ, ಕಡೀ ಓವರ್ ನೋಡಿ ನನ್ನ ಜೀವಾನೇ ಹೋಗಿತ್ತು" ಎನ್ನುತ್ತಿದ್ದರು. ಹುಡುಗರು ಪೆಚ್ಚಾಗಿ ನಿಲ್ಲುತ್ತಿದ್ದರು. ಅವರು ಹಾಗೆ. ನಾನು ಹಾಗಲ್ಲ.

ಸೀಮಾ ಪಡೆಗೆ ಆಯ್ಕೆಯಾದ ಸುದ್ದಿ ಹರಡಿದ ಮೇಲೆ ಇಷ್ಟು ವರ್ಷ ಇಲ್ಲದ ನೆಂಟರು ಎದ್ದು ಬಂದರು. ಮೊದಲು ಬಂದವರು ನನ್ನ ಗಂಡನ ಅಣ್ಣ ಖಾಜಾಸಾಬ. ಆಯ್ಕೆಗೆಂದು ಹೆಣ್ಣುಹುಡುಗಿ ಪ್ಯಾಂಟು ಹಾಕಿ ಓಡುವುದೇ ತಪ್ಪು ಎಂದು ಹೇಳಿ ಕಳಿಸಿದವರು ಇವರೇ. ಈಗ ಆಳಂದದಿಂದ ಮಿಠಾಯಿ ಡಬ್ಬಿ ತಂದಿದ್ದರು. ತಮ್ಮ ಓಣಿಯಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟುಕೊಳ್ಳುತ್ತೇವೆ ಎಂದರು. ನಾವು ಖುಷಿಪಟ್ಟೆವು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ನನಗೆ ಮಾತ್ರ ಕೇಳಿಸುವಂತೆ ಹೇಳಿದರು.

"ಮಾದೇವಿ, ಅವತ್ತ ಒಂದ ದಿನ ಹಣಿಮ್ಯಾಲಿಂದು ತೆಗದ ಬಾ. ನೀ ನಮ್ಮಾಕಿ ಆಗೀದಿ ಅಂತ ಎಲ್ಲಾರಿಗೂ ಹೇಳೀನಿ. ಏಕ್ ದಿನ್ ಕೀ ಬಾತ್ ಹೈ."

"ನಿಮ್ಮಾಕೀನೇ ಅದೀನ್ರಿ ಬಡೇ ಭಾಯಿ. ಕುಂಕುಮ ಹಚ್ಕೊಂಡೇ ನಿಮ್ಮಾಕಿ ಆಗೇನಿ" ಎಂದೆ.

ಆ ಕಾರ್ಯಕ್ರಮ ಆಗಲಿಲ್ಲ. ಆಮೇಲೆ ಅವರು ಅದರ ಮಾತೇ ಎತ್ತಲಿಲ್ಲ.

ಸೀಮಾ ರಜೆಗೆ ಬಂದ ಎರಡು ಮೂರು ದಿನಕ್ಕೆ ಅತನೂರಿನಿಂದ ಫೋನು ಬಂತು. ನನ್ನ ತಮ್ಮ ಶರಣಪ್ಪ. ನಾನು ಮನೆ ಬಿಟ್ಟಾಗ ಶಾಲೆಗೆ ಹೋಗುತ್ತಿದ್ದ ಹುಡುಗ, ಈಗ ಊರಿನ ಮುಂದಾಳುಗಳಲ್ಲಿ ಒಬ್ಬ. "ಅಕ್ಕಾ" ಎಂದ. ನಾನು ಫೋನು ಹಿಡಿದುಕೊಂಡು ಹಿತ್ತಿಲಿಗೆ ಹೋದೆ. "ಅಕ್ಕಾ, ರವಿವಾರ ಊರಾಗ ಸನ್ಮಾನ ಇಟ್ಟೀವಿ. ಸೀಮಾನ್ನ ಕರಕೊಂಡ ಬಾ. ಮಾವಾರನ್ನೂ ಕರಕೊಂಡ ಬಾ. ಅವ್ವ ಹಾದಿ ನೋಡಾಕತ್ತಾಳ."

ಅವ್ವ ಹಾದಿ ನೋಡುತ್ತಿದ್ದಾಳೆ ಎಂದ ಮೇಲೆ ನಾನು ಬೇರೇನೂ ಕೇಳಲಿಲ್ಲ. ಅಪ್ಪ ತೀರಿಕೊಂಡಾಗಲೂ ನನಗೆ ಹೇಳಿ ಕಳಿಸಿರಲಿಲ್ಲ. ಸಂತೆಗೆ ಬಂದಿದ್ದ ಯಾರೋ ಹೇಳಿದ್ದರಿಂದ ಗೊತ್ತಾಗಿತ್ತು. ಈಗ ಅವ್ವ ಕರೆಯುತ್ತಿದ್ದಾಳೆ. ನನ್ನ ಗಂಡ ಹೊಸ ಬಿಳಿ ಅಂಗಿ ಹೊಲಿಸಿಕೊಂಡರು. ನಾನು ಶೇಂಗಾ ಹೋಳಿಗೆ ಮಾಡಿ ಕಟ್ಟಿದೆ. ರವಿವಾರ ಬೆಳಿಗ್ಗೆ ಮೂವರೂ ಅಫಜಲಪುರದ ಬಸ್ಸು ಹತ್ತಿದೆವು. ಕಿಟಕಿಯ ಹೊರಗೆ ತೊಗರಿ ಕೊಯ್ದ ಬರಿ ಹೊಲಗಳು ಹಿಂದೆ ಸರಿಯುತ್ತಿದ್ದವು. ನನ್ನ ಗಂಡ ದಾರಿಯುದ್ದಕ್ಕೂ, "ನಿಮ್ಮವ್ವ ಏನರ ಅಂದ್ರ ನೀ ಎದರ ಮಾತಾಡಬ್ಯಾಡ ಮತ್ತ" ಎಂದು ನನಗೆ ಬುದ್ಧಿ ಹೇಳುತ್ತಲೇ ಇದ್ದರು.

ಮನೆಯ ಮುಂದೆ ತಮ್ಮನ ಹೆಂಡತಿ ನೀರಿನ ಚರಿಗೆ ಹಿಡಿದು ನಿಂತಿದ್ದಳು. ನಾನೂ ಸೀಮಾನೂ ಕಾಲು ತೊಳೆದು ಒಳಗೆ ಹೋದೆವು. ನನ್ನ ಗಂಡನಿಗೆ ಅಂಗಳದ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿದರು. "ಇಲ್ಲೇ ತಂಪದ ಅಲ್ರಿ ಮಾವಾ" ಎಂದ ತಮ್ಮ. ನನಗೆ ಅರ್ಥವಾಯಿತು. ಅವರಿಗೂ ಆಯಿತು. "ಹೌದ್ಹೌದು, ಛಲೋ ಗಾಳಿ ಅದ" ಎಂದು ಕೂತರು.

ಅವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಎಷ್ಟು ಸಣ್ಣಗಾಗಿದ್ದಳೆಂದರೆ, ನಾನು ಹೆದರುತ್ತಿದ್ದ ಅವ್ವ ಇವಳೇನಾ ಅನ್ನಿಸಿತು. ಸೀಮಾಳ ಮುಖವನ್ನು ಎರಡೂ ಕೈಯಿಂದ ಸವರಿದಳು. ಮೋಟು ಕೂದಲು ಮುಟ್ಟಿ, "ಯವ್ವಾ, ಇದ್ಯಾಕ ಕತ್ತರಿಸ್ಯಾರ?" ಎಂದಳು. ನನ್ನ ಕಡೆ ತಿರುಗಿ ಒಂದೇ ಮಾತು, "ಬಂದೇನಬೇ?"

ಇಪ್ಪತ್ತು ವರ್ಷಕ್ಕೆ ಅಷ್ಟು ಮಾತು. ನನಗೆ ಸಾಕಾಗಿತ್ತು. ಅಡುಗೆಮನೆಯಿಂದ ಗೋಧಿ ಹುಗ್ಗಿಯ ವಾಸನೆ ಬರುತ್ತಿತ್ತು. ಕಾರ್ಯಕ್ರಮ ಮುಗಿಸಿ ಬಂದು ಎಲ್ಲರೂ ಕೂಡಿ ಉಣ್ಣೋಣ ಎಂದರು.

ಶಾಲೆಯ ಬಯಲಿನಲ್ಲಿ ಪೆಂಡಾಲು ಹಾಕಿದ್ದರು. ಜನ ಚೆನ್ನಾಗಿ ಸೇರಿದ್ದರು. ವೇದಿಕೆಯ ಹಿಂದೆ ಮಗಳ ಫೋಟೋ ಇದ್ದ ದೊಡ್ಡ ಬ್ಯಾನರ್. "ಅತನೂರಿನ ಹೆಮ್ಮೆಯ ಮಗಳು ಕುಮಾರಿ ಸೀಮಾ" ಎಂದಿತ್ತು. ನಾನು ಬ್ಯಾನರಿನ ಆ ತುದಿಯಿಂದ ಈ ತುದಿಯವರೆಗೆ ಓದಿದೆ. ಅವಳ ಅಪ್ಪನ ಹೆಸರು ಎಲ್ಲೂ ಇರಲಿಲ್ಲ. ಅವಳು ಹುಟ್ಟಿದ್ದು, ಬೆಳೆದದ್ದು ಜೇವರ್ಗಿಯಲ್ಲಿ. ಅತನೂರನ್ನು ಅವಳು ಕಂಡದ್ದೇ ಅವತ್ತು.

ತಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದೆ, "ಶರಣೂ, ಇವರ ಹೆಸರೆಲ್ಲದ?"

"ಜಾಗಾ ಸಾಲಲಿಲ್ಲಕ್ಕಾ" ಎಂದ.

ಬ್ಯಾನರಿನ ಕೆಳಗೆ ಸಾಲಾಗಿ ಊರಿನ ಮುಂದಾಳುಗಳ ಮುಖಗಳಿದ್ದವು. ಕೆಲವರು ಕಪ್ಪು ಕನ್ನಡಕ ಬೇರೆ ಹಾಕಿದ್ದರು. ಅಷ್ಟೆಲ್ಲಕ್ಕೆ ಜಾಗ ಸಾಕಾಗಿತ್ತು. ನಾನು ನುಂಗಿಕೊಂಡೆ. ಮುಂದಿನ ಸಾಲಿನಲ್ಲಿ ಅವ್ವ ಕೂತಿದ್ದಳು, ಅದಕ್ಕೇ ನುಂಗಿಕೊಂಡೆ.

ಸೀಮಾ ಸಲ್ವಾರ್ ಕಮೀಜಿನಲ್ಲಿ ಇದ್ದದ್ದು ಕೆಲವರಿಗೆ ನಿರಾಸೆ ತಂದಿತ್ತು. "ವರ್ದಿ ಹಾಕ್ಕೊಂಡ ಬರಬೇಕಿತ್ತವಾ, ಫೋಟೋ ಛಲೋ ಬರ್ತಿತ್ತು" ಎಂದರು. "ಇಂಥ ಸಭಾಕ್ಕ ವರ್ದಿ ಹಾಕೋಹಂಗಿಲ್ರಿ" ಎಂದು ಅವಳು ವಿನಯದಿಂದಲೇ ಹೇಳಿದಳು.

ಭಾಷಣಗಳಾದವು. ತಮ್ಮ, "ಈಕಿ ಮೈಯಾಗ ನಮ್ಮ ಮನೆತನದ ರಕ್ತ ಹರಿದಾಡಾಕತ್ತದ" ಎಂದ. ಜನ ಚಪ್ಪಾಳೆ ತಟ್ಟಿದರು. ಬಂದ ಮುಂದಾಳುಗಳಿಗೆಲ್ಲ ಒಬ್ಬೊಬ್ಬರಾಗಿ ಶಾಲು ಹೊದಿಸಿದರು. ಮಗಳಿಗೆ ಹೊದಿಸಿದರು, ಹಾರ ಹಾಕಿದರು. ನನಗೂ ಒಂದು ಸೀರೆ ಕೊಟ್ಟು ಉಡಿ ತುಂಬಿದರು. ಕೊನೆಗೆ ಮೈಕು ಹಿಡಿದಿದ್ದ ಯುವಕ, ತಮ್ಮನ ಜೊತೆಗಾರ, ನನ್ನ ಗಂಡನನ್ನು ವೇದಿಕೆಗೆ ಕರೆದ. ನನ್ನ ಎದೆ ಹಗುರವಾಯಿತು. ಬ್ಯಾನರಿನಲ್ಲಿ ಬರೆಯದಿದ್ದರೂ ಕರೆದು ಮರ್ಯಾದೆ ಕೊಡುತ್ತಿದ್ದಾರಲ್ಲ ಎಂದುಕೊಂಡೆ.

ನನ್ನ ಗಂಡ ಅಂಗಿ ಸರಿಮಾಡಿಕೊಳ್ಳುತ್ತ ನಗುನಗುತ್ತ ಮೆಟ್ಟಿಲು ಹತ್ತಿದರು. ಆಗ ಆ ಯುವಕ ಶಾಲನ್ನು ಕೈಯಲ್ಲೇ ಇಟ್ಟುಕೊಂಡು ಮೈಕಿನಲ್ಲಿ ಹೇಳಿದ.

"ಶಾಲು ಹಾಕೂಕಿಂತ ಮೊದಲ ನಮ್ಮದೊಂದು ಸಣ್ಣ ಆಸೆ ಅದರಿ. ಚಾಚಾರು ಒಮ್ಮೆ ದನಿ ತೆಗದು 'ಭಾರತ್ ಮಾತಾ ಕೀ ಜೈ' ಅಂತ ಮೂರ ಸಲ ಹೇಳಬೇಕು. ಊರ ಜನ ಕೇಳಲಿ."

ಹಿಂದಿನಿಂದ ಸಿಳ್ಳೆ ಬಿತ್ತು. ಕೂತಿದ್ದವರೆಲ್ಲ ಮೊಬೈಲು ಎತ್ತಿ ಹಿಡಿದರು. ಮಗಳಿಗೆ ಹಾರ ಹಾಕುವಾಗಲೂ ಅಷ್ಟು ಮೊಬೈಲು ಎದ್ದಿರಲಿಲ್ಲ.

ನನ್ನ ಗಂಡನ ಮುಖದಲ್ಲಿ ನಗು ಹಾಗೇ ಇತ್ತು, ಆದರೆ ಕಿವಿಗಳು ಕೆಂಪಾಗಿದ್ದವು. ಅವರು ನನ್ನನ್ನು ನೋಡಲಿಲ್ಲ. ಗಂಟಲು ಸರಿಮಾಡಿಕೊಂಡರು. ಅವರು ಹೇಳುವವರಿದ್ದರು, ನನಗದು ಗೊತ್ತು. ಆಗಸ್ಟ್ ಹದಿನೈದಕ್ಕೆ ಓಣಿಯ ಮಕ್ಕಳ ಜೊತೆ ನಿಂತು ಎಷ್ಟೋ ಸಲ ಕೂಗಿದ್ದಾರೆ, ಯಾರೂ ಕೇಳದೆಯೇ. ಆದರೆ ಇದು ಅದಲ್ಲ. ಅಲ್ಲಿ ಸೇರಿದ್ದ ಅಷ್ಟು ಜನರಲ್ಲಿ ಇವರೊಬ್ಬರಿಗೆ ಮಾತ್ರ ಪರೀಕ್ಷೆ.

ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. "ನಿಲ್ರಿ" ಎಂದೆ. ಉಡಿಯಲ್ಲಿದ್ದ ಅಕ್ಕಿ, ಕೊಬ್ಬರಿ ಬಟ್ಟಲು ಎಲ್ಲ ನೆಲಕ್ಕೆ ಬಿದ್ದವು. ವೇದಿಕೆಗೆ ಹೋಗಿ ಮೈಕಿಗೆ ಕೈ ಚಾಚಿದೆ. ಆ ಯುವಕ ಗಾಬರಿಯಾಗಿ ಕೊಟ್ಟುಬಿಟ್ಟ.

"ಯಾಕ್ರಿ ಅಕ್ಕಾರ, ಅದನ್ನ ಹೇಳಾಕ ಅವರಿಗೇನ್ ತೊಂದ್ರಿ?" ಎಂದ.

"ಅವರಿಗಿಲ್ಲ, ನನಗದ. ಈಗ ಇಷ್ಟ ಮಂದಿಗೆ ಶಾಲು ಹೊದಿಸಿದ್ರಿ. ಒಬ್ಬರಿಗರೆ ಇದನ್ನ ಕೇಳಿದ್ರೇನು? ನನ್ನ ತಮ್ಮಗ ಕೇಳಿದ್ರೇನು? ನಾನೂ ಇದೇ ಊರಾಗ ಹುಟ್ಟೀನಿ, ಉಡಿ ತುಂಬೂಮುಂದ ನನ್ನ ಕಡಿಂದ ಯಾಕ ಹೇಳಸಲಿಲ್ಲ? ಮಗಳನ್ನ ಗಡಿ ಕಾಯಾಕ ಕಳಿಸ್ಯಾರ ಅವರು. ನಿಮ್ಮೊಳಗ ಯಾರ್ಯಾರ ಮಕ್ಕಳು ಹೋಗ್ಯಾರ, ಕೈ ಎತ್ರಿ ನೋಡೂಣು."

ತಮ್ಮ ಓಡಿಬಂದು, "ಅಕ್ಕಾ, ಊರ ಮಂದಿ ಮುಂದ ನನ್ನ ಮರ್ಯಾದಿ ತಗೀಬ್ಯಾಡ" ಎಂದ.

"ಶರಣೂ, ಅವರೂ ಮರ್ಯಾದಿ ಇಟ್ಕೊಂಡೇ ಬಂದಾರ" ಎಂದೆ.

ಅಷ್ಟರಲ್ಲಿ ಪೆಂಡಾಲಿನ ಹಿಂದಿನಿಂದ ಯಾರೋ ಕೂಗಿದರು, "ಹೇಳಾಕ ಆಗಲಿಲ್ಲಂದ್ರ ಪಾಕಿಸ್ತಾನಕ್ಕ ಹೋಗ್ರಿ!"

ಸೀಮಾ ತನ್ನ ಕುರ್ಚಿಯಿಂದ ಎದ್ದಳು. ನನ್ನ ಕೈಯಿಂದ ಮೈಕು ತೆಗೆದುಕೊಂಡಳು.

"ಯಾರ ಅಂದದ್ದು? ಮುಂದ ಬರ್ರಿ" ಎಂದಳು.

ಯಾರೂ ಬರಲಿಲ್ಲ.

"ಬರಂಗಿಲ್ಲಂದ್ರ ಬಿಡ್ರಿ. ಬ್ಯಾನರಿನ್ಯಾಗ ನನ್ನ ಹೆಸರು ಅರ್ಧ ಬರದೀರಿ, ಪೂರ್ತಿ ನಾ ಹೇಳ್ತೇನಿ. ಸೀಮಾ ತಂದೆ ಮಹಬೂಬಸಾಬ. ನಮ್ಮ ಪಡೆಯಾಗ ದಿನಾ ಮುಂಜಾನಿ ಇದೇ ಹೆಸರು ಕೂಗ್ತಾರ, ನಾ ಎದ್ದು ನಿಂದರ್ತೇನಿ. ಅಲ್ಲಿ ಯಾರೂ ನಮ್ಮಪ್ಪನ ಕಡಿಂದ ಏನೂ ಹೇಳಸಿಲ್ಲ. ನಮ್ಮಪ್ಪನ್ನ ಬಿಟ್ಟು ನನಗೊಬ್ಬಾಕಿಗೇ ಹಾಕೂ ಶಾಲು ನನಗ ಬ್ಯಾಡ್ರಿ."

ಶಾಲು ತೆಗೆದು ಅಚ್ಚುಕಟ್ಟಾಗಿ ಮಡಚಿ ಕುರ್ಚಿಯ ಮೇಲೆ ಇಟ್ಟಳು. ಹಾರವನ್ನೂ ತೆಗೆದಿಟ್ಟಳು. ಅಪ್ಪನ ಕೈ ಹಿಡಿದು ಕೆಳಗೆ ಇಳಿಸಿಕೊಂಡು ಬಂದಳು. ಜನ ದಾರಿ ಬಿಟ್ಟರು. ಒಂದಿಬ್ಬರು ಹೆಂಗಸರು ನನ್ನ ಸೆರಗು ಹಿಡಿದು, "ಛಲೋ ಅಂದಿ ಬಿಡಕ್ಕಾ" ಎಂದು ಮೆಲ್ಲಗೆ ಹೇಳಿದ್ದು ನೆನಪಿದೆ. ಜೋರಾಗಿ ಯಾರೂ ಹೇಳಲಿಲ್ಲ.

ಚೀಲ ತರಲು ಮನೆಗೆ ಹೋದೆ. ತಮ್ಮ ಹಿಂದೆಯೇ ಬಂದು ಕೂಗಾಡಿದ. ಕರೆದು ಮನೆಗೆ ಸೇರಿಸಿದ್ದೇ ತಪ್ಪಾಯಿತು, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದ. ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಅಳುತ್ತಾ ನಿಂತಿದ್ದಳು. ಅವ್ವನನ್ನು ಆಗಲೇ ಯಾರೋ ಕರೆತಂದು ಪಡಸಾಲೆಯಲ್ಲಿ ಕೂಡಿಸಿದ್ದರು. ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ನನ್ನ ಕಡೆ ನೋಡಲೂ ಇಲ್ಲ.

ಊರ ಹೊರಗೆ ಬಸ್ಸಿಗೆ ನಿಂತಾಗ ನನ್ನ ಗಂಡ ನನ್ನ ಮೇಲೆ ಸಿಟ್ಟಿಗೆದ್ದರು. ಅವರು ಸಿಟ್ಟಾಗಿದ್ದನ್ನು ನಾನು ನೋಡಿದ್ದೇ ಕಡಿಮೆ. "ಒಂದ ಮಾತ ಹೇಳಿದ್ರ ಮುಗೀತಿತ್ತು. ನಾನೇನ್ ಹೊಸದಾಗಿ ಹೇಳತಿದ್ದೆನೇನು? ನಿನಗ ತವರಮನಿ ಸಿಗ್ತಿತ್ತು, ನಿಮ್ಮವ್ವ ಸಿಗ್ತಿದ್ಲು. ಎಲ್ಲಾ ನೀನೇ ಕೈಯಾರೆ ಕೆಡಿಸ್ಕೊಂಡಿ."

ಅವರು ನನಗಾಗಿ ಗಂಟಲು ಸರಿಮಾಡಿಕೊಂಡಿದ್ದರು ಎನ್ನುವುದು ನನಗೆ ಆಗಲೇ ತಿಳಿದದ್ದು. ಅಳು ಬಂತು. ಆದರೂ ಹೇಳಿದೆ, "ನಿಮ್ಮ ತಲಿ ತಗ್ಗಿಸಿ ಸಿಗೋ ತವರಮನಿ ತಗೊಂಡು ನಾ ಏನ್ ಮಾಡ್ಲಿ? ಅಲ್ಲಿ ಹೋಗಿ ಹ್ಯಾಂಗ ಉಣ್ಣಲಿ?"

ಅವರು ಆ ಕಡೆ ತಿರುಗಿ ನಿಂತರು. ಅಫಜಲಪುರದಲ್ಲಿ ಬಸ್ಸು ಇಳಿದೆವು. ಬಸ್ ನಿಲ್ದಾಣದಲ್ಲಿ ಸೀಮಾ ಹೋಗಿ ಚುರುಮುರಿ ಸುಸಲಾ, ಮಿರ್ಚಿ ಭಜಿ ತಂದಳು. ಮೂವರೂ ಹಸಿದಿದ್ದೆವು. ಮೊದಲ ಮಿರ್ಚಿ ಕಚ್ಚಿದಾಗ ನನ್ನ ಗಂಡನಿಗೆ ಖಾರ ನೆತ್ತಿಗೇರಿ ಕೆಮ್ಮು ಬಂತು. ಕಣ್ಣೀರು ಒರೆಸಿಕೊಳ್ಳುತ್ತ ಮಗಳಿಗೆ, "ನಿಮ್ಮವ್ವನ್ನ ಗಡಿಗೆ ಕಳಿಸಬೇಕಿತ್ತು ನೋಡು, ನಿನ್ನಲ್ಲ" ಎಂದರು. ಆಗ ಮೂವರೂ ನಕ್ಕೆವು.

ಅವತ್ತಿನ ವಿಡಿಯೋ ಎಲ್ಲ ಕಡೆ ಹರಿದಾಡಿತು. ಅಂಗಡಿಗೆ ಬರುತ್ತಿದ್ದ ಕೆಲವರು ಬರುವುದು ಬಿಟ್ಟರು. ಕೆಲವರು ಮೋಟರ್ ಕೆಡದಿದ್ದರೂ ಬಂದು ಚಹಾ ಕುಡಿದು ಹೋದರು. ಸೀಮಾ ರಜೆ ಮುಗಿಸಿ ಹೋದಳು. ಅವಳು ಹೋದ ಮೇಲೆ ಖಾಜಾಸಾಬ ಆಳಂದದಿಂದ ಬಂದರು. ಈ ಸಲ ಬಹಳ ಹುರುಪಿನಲ್ಲಿದ್ದರು.

"ಶಾಬಾಸ್ ಮಾದೇವಿ! ಆಳಂದಕ್ಕ ಬಾ. ಎಲ್ಲಾರ ಮುಂದ ಈ ವಿಡಿಯೋ ಹಾಕ್ತೇವಿ. ಆ ಮಂದಿ ನಮಗೆ ಏನೇನು ಅಂತಾರ ಅಂತ ನೀನೇ ನಿಂತು ಹೇಳು. ಹಣಿಮ್ಯಾಲಿಂದು ಇರ್ಲಿ, ಈಗ ನಡೀತದ."

"ಬರಂಗಿಲ್ರಿ ಬಡೇ ಭಾಯಿ" ಎಂದೆ. "ಆ ಮಂದಿಯೊಳಗ ನಮ್ಮವ್ವ ಅದಾಳ. ನಮ್ಮ ತವರವರನ್ನ ಬಯ್ಯೋದಿದ್ರ ನಾ ಅವರೆದುರಿಗೇ ಬಯ್ತೇನಿ, ಬೈದೂ ಬಂದೀನಿ. ನಿಮ್ಮ ಓಣ್ಯಾಗ ನಿಂತು ಬಯ್ಯಂಗಿಲ್ಲ."

ಅವರಿಗೆ ಸಿಟ್ಟು ಬಂತು. "ನೀ ಅಲ್ಲೂ ಸಲ್ಲಂಗಿಲ್ಲ, ಇಲ್ಲೂ ಸಲ್ಲಂಗಿಲ್ಲ" ಎಂದು ಎದ್ದು ಹೋದರು. ಇರಲಿ. ನಾನು ಸಲ್ಲುವ ಮನೆ ಒಂದಿದೆ. ಅದರ ಬಾಡಿಗೆ ನಾವೇ ಕಟ್ಟುತ್ತೇವೆ.

ಯುಗಾದಿ ಮುಗಿದ ಮೇಲೆ ಒಂದು ಮಧ್ಯಾಹ್ನ ತಮ್ಮನ ಹೆಂಡತಿಯ ಮೊಬೈಲಿನಿಂದ ಕರೆ ಬಂತು. ಮಾತಾಡಿದ್ದು ಅವ್ವ. ಕುಶಲ ಕೇಳಲಿಲ್ಲ. ಅವತ್ತಿನ ಜಗಳದ ಬಗ್ಗೆ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ.

"ಅವ ಉಣಲಾರದ ಹೋದ. ಮನ್ಯಾಗ ಹುಗ್ಗಿ ಮಾಡಿಟ್ಟು ಅಳಿಯನ್ನ ಉಪವಾಸ ಕಳಿಸಿದಂಗಾತು. ನನಗ ತುತ್ತ ಇಳಿವಲ್ದಬೇ" ಎಂದಳು.

ಅಳಿಯ ಎಂದದ್ದು ಅದೇ ಮೊದಲು. "ಕರಕೊಂಡ ಬಾ" ಎಂದಳು.

"ಶರಣೂ ಒಪ್ಪಂಗಿಲ್ಲವ್ವಾ."

"ಮನಿ ನಂದು. ನಾ ಇನ್ನೂ ಸತ್ತಿಲ್ಲ."

"ಅಂಗಳದಾಗ ಕುರ್ಚಿ ಹಾಕೂದಾದ್ರ ಬರಂಗಿಲ್ಲ ನೋಡು" ಎಂದೆ. ಎಂಬತ್ತರ ಹತ್ತಿರದ ಮುದುಕಿಗೆ ಷರತ್ತು ಹಾಕಿದೆ ಎಂದು ಯಾರಾದರೂ ಬಯ್ಯಬಹುದು. ನಾನು ಅವಳ ಮಗಳೇ ಅಲ್ಲವೇ. ಅವ್ವ "ನೀ ಬಾ ಅಂದ್ರ ಬಾ" ಎಂದು ಫೋನು ಇಟ್ಟಳು.

ಹೋದೆವು. ತಮ್ಮ ಹೊಲಕ್ಕೆ ಹೋಗಿ ಕೂತಿದ್ದ, ನಾವು ಹೊರಡುವವರೆಗೂ ಮನೆಗೆ ಬರಲಿಲ್ಲ. ಅವ್ವ ಪಡಸಾಲೆಯಲ್ಲಿ ಚಾಪೆ ಹಾಸಿಸಿದಳು. ತಾನೇ ಗೋಡೆ ಹಿಡಿದು ಎದ್ದು ಬಂದು ನನ್ನ ಗಂಡನ ತಾಟಿಗೆ ರೊಟ್ಟಿ ಹಾಕಿದಳು, ಪುಂಡಿಪಲ್ಯೆ ಹಾಕಿದಳು. ಅವರೊಂದಿಗೆ ಆಡಿದ ಮಾತು ಇಷ್ಟೇ, "ಇನ್ನೊಂದ ಹಾಕಲೇನಪಾ?" ಅವರು ಬೇಡ ಎನ್ನಲಿಲ್ಲ. ಹಾಕಿದ್ದನ್ನೆಲ್ಲ ತಿಂದರು. ಅವ್ವನಿಗೆ ಮನಸ್ಸು ಬದಲಾಯಿತೋ, ಹಸಿದು ಹೋದವನಿಗೆ ಉಣಿಸಿ ಪಾಪ ಕಳೆದುಕೊಂಡಳೋ ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ.

ಶರಣಪ್ಪ ಇಂದಿಗೂ ಮಾತಾಡಿಲ್ಲ. ಒಂದು ಸಾರಿ ತಪ್ಪಾಯಿತು ಅಂದುಬಿಡು, ಎಲ್ಲ ಸರಿಹೋಗುತ್ತದೆ ಎಂದು ಊರಿನ ಹಿರಿಯರೊಬ್ಬರು ಹೇಳಿ ಕಳಿಸಿದ್ದರು. ನಾನು ಅನ್ನಲಿಲ್ಲ. ತಮ್ಮನ ನೆನಪು ಈಗಲೂ ಬರುತ್ತದೆ, ಅದು ಬೇರೆ ಮಾತು. ನನ್ನ ಲಿಂಗ ನನ್ನ ಕೊರಳಲ್ಲಿದೆ. ನನ್ನ ಗಂಡನ ನಮಾಜು ಅವರ ಚಾಪೆಯ ಮೇಲಿದೆ. ನನ್ನ ಮಗಳು ಹೆಸರು ಹೇಳಿದರೂ ಎಲ್ಲಿ ಎಂದು ತಿಳಿಯದಷ್ಟು ದೂರದ ಊರಿನ ಚಳಿಯಲ್ಲಿ ಬಂದೂಕು ಹಿಡಿದು ನಿಂತಿದ್ದಾಳೆ. ನಾವು ಯಾರ ಕಡೆಯವರು, ಯಾವ ದೇಶದವರು ಎಂದು ಇನ್ನೂ ಯಾರಿಗಾದರೂ ಅನುಮಾನ ಇದ್ದರೆ ಅದು ಅವರ ತೊಂದರೆ, ನಮ್ಮದಲ್ಲ.

ಅವತ್ತಿನ ದಿನ ಇನ್ನೊಮ್ಮೆ ಬಂದು ಆ ಮೈಕು ಮತ್ತೆ ನನ್ನ ಕೈಗೆ ಸಿಕ್ಕರೆ ಅದೇ ಮಾತು ಹೇಳುತ್ತೇನೆ. ಸ್ವಲ್ಪ ಜೋರಾಗಿ ಹೇಳುತ್ತೇನೆ. ಹಿಂದೆ ಕೂತವರಿಗೆ ಸರಿಯಾಗಿ ಕೇಳಿಸಲಿಲ್ಲವಂತೆ.